ಗೆಕ್ಕೊ ಪೆಟ್ಟಿಗೆಗೆ ಮನೆಯಲ್ಲೇ ಬಂಡೆ, ಗುಹೆ ಮಾಡಿದರೆ ಪ್ರಾಣಿಗೆ ಅಪಾಯವಿದೆಯೇ?

ನಿಮ್ಮ ಲೆಪರ್ಡ್ ಗೆಕ್ಕೊ ಎಂಬ ಸಾಕು ಹಲ್ಲಿಯ ಗಾಜಿನ ಪೆಟ್ಟಿಗೆಗೆ ಥರ್ಮೋಕೋಲಿನಿಂದ ಬಂಡೆಗೋಡೆಯನ್ನೂ ಗುಹೆಗಳನ್ನೂ ಮನೆಯಲ್ಲೇ ಮಾಡಬಹುದೇ, ಅದಕ್ಕೆ ಯಾವ ಅಂಟು ಮತ್ತು ಬಣ್ಣ ಸುರಕ್ಷಿತ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು, ಹಲವು ವರ್ಷಗಳಿಂದ ನಾನೂ ನನ್ನ ಗೆಕ್ಕೊಗಳಿಗೆ ಹೀಗೆಯೇ ಮಾಡಿಕೊಡುತ್ತಿದ್ದೇನೆ. ಒಳ್ಳೆಯ ಸಾಮಗ್ರಿಯನ್ನೇ ಕೊಂಡು ತಂದರೂ ಅದು ಪೂರ್ತಿ ಒಣಗುವವರೆಗೆ ಕಾಯದಿದ್ದರೆ ಪ್ರಯೋಜನವಿಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಥರ್ಮೋಕೋಲನ್ನು ಕೆತ್ತಿ ಹಾಗೆಯೇ ಇಡಬಾರದು. ಗೆಕ್ಕೊ ತನ್ನ ಸುತ್ತಲಿನದನ್ನೆಲ್ಲ ನೆಕ್ಕಿ ಪರಿಚಯ ಮಾಡಿಕೊಳ್ಳುವ ಪ್ರಾಣಿ. ಉಗುರಿನಿಂದ ಉದುರಿದ ಬಿಳಿಯ ಕಾಳು ಹುಳುವಿನ ಜೊತೆ ಹೊಟ್ಟೆ ಸೇರಿದರೆ ಕರುಳು ಕಟ್ಟಿಕೊಳ್ಳಬಹುದು. ಆದ್ದರಿಂದ ಕೆತ್ತಿದ ತುಂಡುಗಳನ್ನು ಜೋಡಿಸಿದ ಮೇಲೆ, ಹೆಂಚುಗಳ ಸಂದಿಗೆ ತುಂಬುವ ಸಿಮೆಂಟ್ ಗ್ರೌಟನ್ನು ನೀರಿನಲ್ಲಿ ಕಲಸಿ ಬ್ರಷ್‌ನಿಂದ ಬಳಿಯಬೇಕು. ಮೊದಲ ಪದರವು ಸಣ್ಣ ಬಿರುಕುಗಳಿಗೂ ಇಳಿಯುವಂತೆ ಮಜ್ಜಿಗೆಯಷ್ಟು ತೆಳುವಾಗಿರಲಿ, ಮುಂದಿನ ಎರಡು ಮೂರು ಪದರಗಳು ಸ್ವಲ್ಪ ದಪ್ಪವಾಗಿರಲಿ, ಮತ್ತು ಪ್ರತಿ ಪದರಕ್ಕೂ ಕನಿಷ್ಠ 24 ಗಂಟೆ ಒಣಗಲು ಬಿಡಿ. ನಡುನಡುವೆ ನೀರು ಚಿಮುಕಿಸಿದರೆ ಗ್ರೌಟ್ ಬಿರುಕು ಬಿಡದೆ ಗಟ್ಟಿಯಾಗುತ್ತದೆ. ಹಸಿ ಗ್ರೌಟ್‌ನಲ್ಲಿ ಕ್ಷಾರದ ಅಂಶ ಹೆಚ್ಚು, ಕೈಗವಸು ಹಾಕಿಕೊಳ್ಳಿ.

ಬಣ್ಣ ನೀರಿನಲ್ಲಿ ಕರಗುವ ಅಕ್ರಿಲಿಕ್ ಆಗಿರಲಿ. ಸ್ಪ್ರೇ ಬಣ್ಣಗಳಲ್ಲಿರುವ ದ್ರಾವಕವು ಥರ್ಮೋಕೋಲನ್ನೇ ಕರಗಿಸುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಬಣ್ಣದ ಮೇಲೆ ನೀರು ಆಧಾರಿತ ವಾರ್ನಿಷ್‌ನ ಎರಡು ಲೇಪ ಕೊಟ್ಟರೆ ತೊಳೆಯುವುದು ಸುಲಭವಾಗುತ್ತದೆ. ಅಂಟಿಗೆ, ಬೂಷ್ಟುನಿರೋಧಕ ರಾಸಾಯನಿಕ ಸೇರಿಸದ ಶುದ್ಧ ಸಿಲಿಕೋನ್ ಸಾಕು. ಸ್ನಾನದ ಮನೆಗೆಂದು ಮಾರುವ ಸಿಲಿಕೋನ್‌ನಲ್ಲಿ ಆ ರಾಸಾಯನಿಕ ಇರುವುದೇ ಹೆಚ್ಚು, ಟ್ಯೂಬಿನ ಮೇಲಿನ ಬರಹವನ್ನು ಓದಿಯೇ ಕೊಳ್ಳಿ. ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುತ್ತದೆ. ಆ ವಾಸನೆ ಒಂದಿಷ್ಟೂ ಉಳಿಯದ ತನಕ, ಎಷ್ಟು ದಿನವಾದರೂ ಸರಿ, ಕಾಯಲೇಬೇಕು. ಬಿಸಿ ಅಂಟಿನ ಗನ್, ಪೆಟ್ಟಿಗೆಯನ್ನು ಬೆಚ್ಚಗಿಡುವ ದೀಪದಿಂದ ದೂರದ ಸಣ್ಣ ಕೆಲಸಗಳಿಗೆ ನಡೆಯುತ್ತದೆ, ಆದರೆ ದೀಪದ ಬಳಿ ಅದು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಥರ್ಮೋಕೋಲ್ ಕೂಡ ಬಿಸಿಗೆ ಕುಗ್ಗುವ, ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಗೋಡೆಯ ಯಾವ ಭಾಗವೂ ಬಲ್ಬಿನ ಹತ್ತಿರ ಬರಬಾರದು.

ಪೆಟ್ಟಿಗೆಯೊಳಗೆ ಅಂಟುಪಟ್ಟಿಯನ್ನು ಮಾತ್ರ ಎಂದಿಗೂ ಬಳಸಬೇಡಿ. ಒಮ್ಮೆ ನಾನು ಥರ್ಮಾಮೀಟರಿನ ತಂತಿಯನ್ನು ಟೇಪಿನಿಂದ ಗಾಜಿಗೆ ಅಂಟಿಸಿದ್ದೆ. ರಾತ್ರಿ ಅದರ ಒಂದು ತುದಿ ಬಿಚ್ಚಿಕೊಂಡು, ಬೆಳಗ್ಗೆ ನೋಡಿದಾಗ ನಾನು ಸಾಕಿದ ಕಾರ್ನ್ ಸ್ನೇಕ್ ಎಂಬ ಹಾವಿನ ಹೊಟ್ಟೆಯ ಚರ್ಮಕ್ಕೆ ಹಿಡಿದುಕೊಂಡಿತ್ತು. ಎಳೆದಿದ್ದರೆ ಚರ್ಮವೇ ಕಿತ್ತು ಬರುತ್ತಿತ್ತು. ಅಡುಗೆ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಅಂಚಿನಿಂದ ಸ್ವಲ್ಪ ಸ್ವಲ್ಪವೇ ನೆನೆಸುತ್ತಾ ಬಿಡಿಸಲು ಸುಮಾರು ಒಂದು ಗಂಟೆ ಹಿಡಿಯಿತು, ಅಷ್ಟು ಹೊತ್ತೂ ನನ್ನ ಕೈ ನಡುಗುತ್ತಿತ್ತು.

ಗುಹೆಯ ಬಾಗಿಲು ಗೆಕ್ಕೊ ಹೊಟ್ಟೆ ತುಂಬ ತಿಂದ ಮೇಲೂ ಸರಾಗವಾಗಿ ನುಸುಳುವಷ್ಟು ದೊಡ್ಡದಿರಲಿ. ಉಳಿದ ಸಂದುಗಳು ತಲೆಯೇ ತೂರದಷ್ಟು ಸಣ್ಣವಿರಲಿ. ಇವೆರಡರ ನಡುವಿನ ಅಳತೆಯ ರಂಧ್ರದಲ್ಲೇ ಪ್ರಾಣಿ ಸಿಕ್ಕಿಹಾಕಿಕೊಳ್ಳುವುದು. ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು ಗುಹೆಯ ಜೊತೆಗೆ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯಗೊಳಿಸಿ, ಒದ್ದೆ ಪಾಚಿ ತುಂಬಿಡಿ. ತೇವವಿಲ್ಲದೆ, ಕಳಚಬೇಕಾದ ಪೊರೆ ಬೆರಳುಗಳ ಮೇಲೆಯೇ ಉಳಿದರೆ ರಕ್ತ ಸಂಚಾರ ನಿಂತು ಬೆರಳೇ ಹೋಗಬಹುದು. ನನ್ನ ಮಟ್ಟಿಗೆ, ಇಡೀ ಬಂಡೆಗೋಡೆಗಿಂತ ಈ ಡಬ್ಬಿಯೇ ಹೆಚ್ಚು ಮುಖ್ಯ.

ನಿಜವಾದ ಕಲ್ಲನ್ನು ಇಡುವುದಾದರೆ ಮಣ್ಣಿನ ಮೇಲಲ್ಲ, ನೇರವಾಗಿ ಪೆಟ್ಟಿಗೆಯ ತಳದ ಮೇಲೆ ಅಲುಗಾಡದಂತೆ ಕೂರಿಸಿ. ಗೆಕ್ಕೊ ಅದರ ಅಡಿ ತೋಡಿದರೆ ಕಲ್ಲು ಮೈಮೇಲೆ ಕುಸಿಯುತ್ತದೆ. ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದರೆ ಸಾಕು, ಓವನ್‌ನಲ್ಲಿಟ್ಟು ಕಾಯಿಸಬೇಡಿ. ಒಳಗೆ ನೀರಿನಂಶವಿದ್ದರೆ ಸಿಡಿಯುತ್ತದೆ. ದೇವದಾರಿನಂತಹ ಪರಿಮಳದ ಮರವೂ ರಾಳ ಒಸರುವ ಪೈನ್ ಮರವೂ ಬೇಡ.

ಎಲ್ಲ ಮುಗಿದ ಮೇಲೆ ಪ್ರಾಣಿಯನ್ನು ಬೇರೆಡೆ ಇರಿಸಿ, ಖಾಲಿ ಪೆಟ್ಟಿಗೆಯಲ್ಲಿ ದೀಪ ಹಚ್ಚಿ, ನೀರು ಚಿಮುಕಿಸಿ, ಮೂರು ನಾಲ್ಕು ದಿನ ಮುಚ್ಚಿಡಿ. ಬೆಳಗ್ಗೆ ಬಾಗಿಲು ತೆಗೆದ ಕ್ಷಣ ಮೂಗಿಗೆ ಏನಾದರೂ ಬಡಿದರೆ ಗೋಡೆಯನ್ನು ಹೊರಗೆ ತೆಗೆದು ಇನ್ನೊಂದು ವಾರ ಗಾಳಿಯಲ್ಲಿಡಿ. ಹೊಸ ಮನೆಗೆ ಬಿಡುವಾಗ ಹಳೆಯ ಗುಹೆಯನ್ನೂ ಒಂದು ಮೂಲೆಯಲ್ಲಿ ಉಳಿಸಿ. ಮೊದಲ ಕೆಲವು ರಾತ್ರಿ ಗೆಕ್ಕೊ ಹೆಚ್ಚಾಗಿ ಅಲ್ಲಿಯೇ ಮಲಗುತ್ತದೆ.