ಕಾಕಾನ ಎಂಜಿಬಿ ನೀರು ಸೋರುತ್ತಿದೆ, ಬೆಲ್ಟ್ ಬಿಗಿ ಮಾಡಿದರೆ ನಿಲ್ಲುತ್ತಾ?

ಪ್ರಶ್ನೆ: ಸರ್, ನಮ್ಮ ಕಾಕಾ ಮುಂಬೈಯಲ್ಲಿದ್ದಾಗ ಕೊಂಡಿದ್ದ 1972ರ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಈಗ ನನ್ನ ಹತ್ತಿರ ಇದೆ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಮುಂಭಾಗದ ಕೆಳಗೆ ಅಂಗೈಯಗಲ ನೀರು ಬಿದ್ದಿರುತ್ತದೆ. ಒಬ್ಬ ಮಿಸ್ತ್ರಿ ಬೆಲ್ಟ್ ಬಿಗಿ ಮಾಡಿದ. ಇನ್ನೊಬ್ಬ ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿ ಅಂದ. ಸದ್ಯ ಬೋರ್‌ವೆಲ್ ನೀರು ತುಂಬಿಸಿ ಓಡಿಸುತ್ತಿದ್ದೇನೆ. ಎಂಜಿನ್ ತಂಪಿಡುವ ನೀರನ್ನು ಸುತ್ತಿಸುವ ವಾಟರ್ ಪಂಪನ್ನು ಇಂಗ್ಲೆಂಡಿನಿಂದಲೇ ತರಿಸಬೇಕಾ? ಈ ಭಾನುವಾರ ಮಗಳನ್ನು ಕೂರಿಸಿಕೊಂಡು ಆಲಮಟ್ಟಿಗೆ ಹೋಗಿ ಬರಬಹುದಾ?
– ಓದುಗರೊಬ್ಬರು, ವಿಜಯಪುರ

ಉತ್ತರ: ಅರಿಶಿನದ ಡಬ್ಬಿ ಮೊದಲು ಅಡುಗೆಮನೆಗೆ ವಾಪಸ್ ಕಳಿಸಿ. ಲಾರಿಯವರು ದಾರಿ ಮಧ್ಯೆ ರೇಡಿಯೇಟರಿನ ಸಣ್ಣ ಬಿರುಕಿಗೆ ಅದನ್ನು ಹಾಕುವುದುಂಟು. ಪಂಪಿನ ಸೋರಿಕೆಗೆ ಅದರಿಂದ ಏನೂ ಆಗದು. ಆ ಪುಡಿ ಹೋಗಿ ಕೂರುವುದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಎಂಜಿನ್ ಕುದಿದಾಗ ಅದರ ಫಲ ಗೊತ್ತಾಗುತ್ತದೆ.

ಪಂಪನ್ನು ತಿರುಗಿಸುವ ಬೆಲ್ಟ್ ಬಿಗಿ ಮಾಡಿದ್ದು ಇನ್ನೂ ತಪ್ಪು. ಪಂಪಿನೊಳಗೆ ಒಂದು ಶಾಫ್ಟ್, ಅದಕ್ಕೊಂದು ಬೇರಿಂಗ್, ಬೇರಿಂಗಿಗೆ ನೀರು ತಾಗದಂತೆ ಒಂದು ಸೀಲ್ ಇರುತ್ತದೆ. ಸೀಲ್ ಸವೆದಾಗ ನೀರು ಬೇರಿಂಗಿನ ಕಡೆ ನುಗ್ಗದೆ ಹೊರಗೆ ಬೀಳಲಿ ಅಂತಲೇ ಪಂಪಿನ ಮೂತಿಯ ಕೆಳಗೆ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಅದರಿಂದ ಹನಿ ಬಿದ್ದರೆ ಸೀಲ್ ಮುಗಿದಿದೆ ಎಂದರ್ಥ. ಕೆಲವರು ಆ ತೂತಿಗೇ ಎಂ-ಸೀಲ್ ಅಂಟು ಮೆತ್ತುತ್ತಾರೆ! ಬೆಲ್ಟಿಗೂ ಸೀಲಿಗೂ ಸಂಬಂಧವೇ ಇಲ್ಲ. ಜಾಸ್ತಿ ಬಿಗಿದರೆ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಅಷ್ಟೇ. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 13 ಮಿಲಿಮೀಟರ್, ಅಂದರೆ ಅರ್ಧ ಇಂಚು, ಒಳಗೆ ಹೋಗಬೇಕು.

ಆದರೆ ಹನಿಯುತ್ತಿರುವುದು ಪಂಪೇ ಅಂತ ನೀವು ಕಣ್ಣಾರೆ ನೋಡಿದ್ದೀರಾ? ಎಂಜಿನ್ ತಣ್ಣಗಿದ್ದಾಗ ಎಲ್ಲ ಒರೆಸಿ, ಪಂಪಿನ ಸುತ್ತ ಟಾಲ್ಕಂ ಪೌಡರ್ ಉದುರಿಸಿ. ರೇಡಿಯೇಟರ್ ಬಾಯಿಗೆ ಕೈಪಂಪಿನ ಪ್ರೆಷರ್ ಟೆಸ್ಟರ್ ಹಾಕಿ. ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಡಿ, ಹೆಚ್ಚು ಬೇಡ. ನೀರು ಹರಿದ ದಾರಿ ಪೌಡರ್ ಮೇಲೆ ಗೆರೆಯಾಗಿ ಕಾಣುತ್ತದೆ. ಥರ್ಮೋಸ್ಟಾಟ್ ಮುಚ್ಚಳದ ಗ್ಯಾಸ್ಕೆಟ್ ಅಥವಾ ಕೆಳಗಿನ ಹೋಸಿನ ಕ್ಲಿಪ್ ಕೂಡ ಪಂಪಿನ ಮೇಲೆ ಗೂಬೆ ಕೂರಿಸುತ್ತವೆ. ನೀರು ಎಂಜಿನ್ ಹಿಂಭಾಗಕ್ಕೆ ಬೀಳುತ್ತಿದ್ದರೆ ಎಂಜಿನ್ ಹೆಡ್ ಮೇಲಿರುವ, ಕಾರಿನೊಳಗಿನ ಹೀಟರಿಗೆ ಬಿಸಿನೀರು ಬಿಡುವ ಹೀಟರ್ ವಾಲ್ವ್ ನೋಡಿ. ಆಮೇಲೆ ಫ್ಯಾನಿನ ಎದುರುಬದುರು ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಸ್ವಲ್ಪ ಲೊಡಲೊಡ ಅಂದರೂ ಬೇರಿಂಗ್ ಹೋಗಿದೆ. ನಿಮ್ಮ ಕಾರಿನಲ್ಲಿ ಫ್ಯಾನ್ ಪಂಪಿನ ಮೇಲೆಯೇ ಕೂತಿರುವುದರಿಂದ ಬೇರಿಂಗ್ ಬಿಟ್ಟುಕೊಟ್ಟರೆ ರೆಕ್ಕೆ ಹೋಗಿ ರೇಡಿಯೇಟರನ್ನೇ ಸೀಳಬಹುದು.

ಇಂಗ್ಲೆಂಡಿನ ವಿಷಯಕ್ಕೆ ಬರೋಣ. ನಿಮ್ಮ 1798 ಸಿಸಿ ಎಂಜಿನ್ ನಮಗೆ ಪರಕೀಯವಲ್ಲ. ನಮ್ಮ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಮನೆತನದ್ದು. ಹಳೆಯ ಅಂಬಾಸಡರ್ ಮಿಸ್ತ್ರಿ ಸಿಕ್ಕರೆ ಬಿಡಬೇಡಿ, ಬಾನೆಟ್ ಎತ್ತಿದ ಕೂಡಲೇ ಅವರಿಗೆ ಗುರುತು ಸಿಗುತ್ತದೆ. ಹಾಗಂತ ಅಂಬಾಸಡರ್ ಪಂಪನ್ನು ಸುಮ್ನೆ ತಂದು ಕೂರಿಸಬೇಡಿ. ಹಳೆಯದನ್ನು ಪಕ್ಕಕ್ಕಿಟ್ಟು ಶಾಫ್ಟಿನ ಉದ್ದ, ಬೆಲ್ಟ್ ಸುತ್ತುವ ಪುಲ್ಲಿಯ ಸಾಲು, ಬೋಲ್ಟ್ ತೂತು ಎಲ್ಲ ಅಳೆಯಿರಿ.

ನನ್ನನ್ನು ಕೇಳಿದರೆ, ಪಂಪಿನ ಬಾಡಿ ಗಟ್ಟಿಯಾಗಿದ್ದರೆ ಅದನ್ನೇ ರಿಪೇರಿ ಮಾಡಿಸಿ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್, ಪ್ರೆಸ್ ಎಲ್ಲ ಇವೆ. ಶಾಫ್ಟ್ ಸಮೇತ ಬೇರಿಂಗ್ ಮತ್ತು ಹೊಸ ಸೀಲ್ ಹಾಕಿಸಿ. ಒಳಗಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಚಕ್ರ, ಬಾಡಿಗೆ ಉಜ್ಜದೆ ತಿರುಗುತ್ತದಾ ಅಂತ ಕೈಯಲ್ಲಿ ತಿರುಗಿಸಿ ನೋಡಿ. ಒಂದೇ ಷರತ್ತು, ಹಳೆಯ ಶಾಫ್ಟನ್ನು ಪ್ರೆಸ್ಸಿನಲ್ಲೇ ಹೊರಗೆ ತೆಗೆಸಬೇಕು. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಸುತ್ತಿಗೆಯಿಂದ ಹೊಡೆಯುವಾಗ ನಾನು ಚಹಾ ಕುಡಿಯುತ್ತ ನಿಂತಿದ್ದೆ. ಎರಕದ ಬಾಡಿಯಲ್ಲಿ ಬೋಲ್ಟ್ ಕೂರುವ ಕಿವಿ ಬಿಸ್ಕತ್ತಿನಂತೆ ಮುರಿಯಿತು. ಬಾಡಿ ಕೊರೆದು ಗುಂಡಿ ಬಿದ್ದಿದ್ದರೆ ಮಾತ್ರ ಹೊರಗಿನಿಂದ ತರಿಸಿ. ಬ್ರಿಟನ್ನಿನಲ್ಲಿ ಈ ಕಾರಿನ ಪಂಪ್ ಇಂದಿಗೂ ಹೊಸದಾಗಿ ಸಿಗುತ್ತದೆ.

ಬಿಚ್ಚುವುದು ಕಷ್ಟವಲ್ಲ. ರೇಡಿಯೇಟರ್ ತೆಗೆದರೆ ಕೈಯಾಡಿಸಲು ಜಾಗ ಸಿಗುತ್ತದೆ. ಬೋಲ್ಟುಗಳ ಉದ್ದ ಬೇರೆ ಬೇರೆ ಇರುವುದರಿಂದ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ. ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆಯಿರಿ.

ಈಗ ಬೋರ್‌ವೆಲ್ ನೀರು. ನಿಮ್ಮ ಕಡೆಯ ಸವಳು ನೀರು ಸ್ನಾನದ ಬಕೆಟ್ಟಿಗೇ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ? ಎಂಜಿನ್ ಒಳಗೂ ಅದೇ ಪೊರೆ. ಅದರ ಹರಳು, ತುಕ್ಕಿನ ಪುಡಿ ಎರಡೂ ಸೀಲಿನ ನುಣುಪು ಮುಖವನ್ನು ಉಜ್ಜುತ್ತವೆ. ಇದನ್ನು ಸರಿ ಮಾಡದೆ ಪಂಪ್ ಹಾಕಿದರೆ ಅದೂ ಬೇಗ ಹನಿಯುತ್ತದೆ. ಎಂಜಿನ್ ಬ್ಲಾಕಿನ ಬದಿಯ ಡ್ರೇನ್ ಟ್ಯಾಪ್ ತೆರೆಯಿರಿ. ಏನೂ ಬರದಿದ್ದರೆ ಕೆಸರು ಕಟ್ಟಿದೆ, ತಂತಿಯಿಂದ ಚುಚ್ಚಿ. ತಿಳಿ ನೀರು ಬರುವ ತನಕ ತೊಳೆಯಿರಿ. ಆಮೇಲೆ ಹಿತ್ತಾಳೆ ರೇಡಿಯೇಟರಿಗೆ ಹೊಂದುವ ಹಳೆಯ ಬಗೆಯ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ ತುಂಬಿ. ಒಟ್ಟು 6 ಲೀಟರಿನೊಳಗೆ ಮುಗಿಯುತ್ತದೆ. ತುಂಬುವಾಗ ಹೀಟರ್ ವಾಲ್ವ್ ತೆರೆದಿರಲಿ, ಗಾಳಿ ಹೊರಗೆ ಹೋಗಬೇಕು. ಚೆಲ್ಲಿದ ಕೂಲಂಟ್ ತಕ್ಷಣ ತೊಳೆದುಬಿಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ.

ಪೋರ್ಷೆ 944 ಎಂಬ ಜರ್ಮನ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಪಂಪ್ ಎಂಜಿನ್ನಿನ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟಿನಿಂದ ತಿರುಗುತ್ತದೆ. ಅದು ಜಾಮ್ ಆಗಿ ಬೆಲ್ಟ್ ಹೋದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಹನಿ ಕಂಡ ದಿನವೇ ಗಾಡಿ ನಿಲ್ಲಿಸಿ.

ಆಲಮಟ್ಟಿಗೆ ಈ ಭಾನುವಾರ ಬೇಡ. ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಪಂಪ್ ಹಾಕಿದ ಮೇಲೆ ಗೋಳಗುಮ್ಮಟದ ಸುತ್ತಮುತ್ತ ಒಂದು 10 ಕಿಲೋಮೀಟರ್ ಓಡಿಸಿ. ರಾತ್ರಿ ಕಾರಿನ ಕೆಳಗೆ ಒಣ ರಟ್ಟು ಹಾಸಿಡಿ. ಬೆಳಗ್ಗೆ ಅದು ಒಣಗಿಯೇ ಇದ್ದು, ತಣ್ಣಗಿನ ರೇಡಿಯೇಟರಿನಲ್ಲಿ ನೀರಿನ ಮಟ್ಟವೂ ಇಳಿಯದಿದ್ದರೆ ಅದರ ಮುಂದಿನ ಭಾನುವಾರ ಹೊರಡಿ.