ಎದುರಾಳಿಯ ಕೈಯಲ್ಲೇ ಎತ್ತಿಸಿದ ಗೇಲಿ

ಪ್ರಶ್ನೆ: ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರ ಕೈಯಿಂದಲೇ ಎದುರಾಳಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾರ್ವರ್ಡ್ ಮಾನ ಕಳೆದರಂತೆ. ಹೇಗೆ? ಒಬ್ಬರಿಗೂ ಗೊತ್ತಾಗಲಿಲ್ಲವೇ?

ಉತ್ತರ: 2004ರ ನವೆಂಬರ್ 20, ಇಬ್ಬರ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಸುಮಾರು 20 ಯೇಲ್ ವಿದ್ಯಾರ್ಥಿಗಳು ‘ಹಾರ್ವರ್ಡ್ ಪೆಪ್ ಸ್ಕ್ವಾಡ್’ ಎಂಬ, ಪ್ರೇಕ್ಷಕರನ್ನು ಹುರಿದುಂಬಿಸುವ, ಇಲ್ಲದ ತಂಡದ ವೇಷ ಹಾಕಿ ಹಾರ್ವರ್ಡ್ ಗ್ಯಾಲರಿಗೇ ನುಗ್ಗಿದರು. ಅಲ್ಲಿದ್ದವರಿಗೆ ಕೆಂಪು, ಬಿಳಿ ಹಾಳೆಗಳನ್ನು ಹಂಚಿದರು, ಸುಮಾರು 1,800. ಹೇಳಿದಾಗ ಎತ್ತಿ, ‘ಗೋ ಹಾರ್ವರ್ಡ್’ ಅಂತ ಕಾಣುತ್ತೆ ಎಂದರು. ಹಾರ್ವರ್ಡ್‌ನವರು ಎತ್ತಿದರು. ಎದುರು ಗ್ಯಾಲರಿಯ ಯೇಲ್‌ನವರಿಗೆ ಕಂಡದ್ದು ‘ವೀ ಸಕ್’, ಅಂದರೆ ‘ನಾವು ದಂಡಪಿಂಡಗಳು’!

ಗುಟ್ಟು ಸರಳ. ಹಾಳೆ ಹಿಡಿದವನಿಗೆ ಕಾಣುವುದು ತನ್ನ ಹಾಳೆಯ ಬೆನ್ನು ಮಾತ್ರ. ಅವನು ಅಕ್ಷರದೊಳಗಿನ ಒಂದು ಚುಕ್ಕೆ. ಓದಲು ಮೈದಾನದ ಆಚೆ ದಡಕ್ಕೇ ಹೋಗಬೇಕು. ಇಂಥದ್ದು ಕೆಡುವುದು ಹಂಚುವಾಗ: ಒಂದು ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿಯಿದ್ದರೆ ಹಾಳೆಗಳೆಲ್ಲ ಪಕ್ಕಕ್ಕೆ ಸರಿದು ಅಕ್ಷರ ಸೊಟ್ಟಗಾಗುತ್ತದೆ. ಹಾಗಾಗಿ ಅಕ್ಷರ ಕಡಿಮೆಯಿರಬೇಕು, ದಪ್ಪಗಿರಬೇಕು. ಬೈಗುಳವೂ ಚಿಕ್ಕದಿದ್ದರೇ ಚೆನ್ನ. ಅಂದಹಾಗೆ, ಪಂದ್ಯ ಗೆದ್ದದ್ದು ಹಾರ್ವರ್ಡ್, 35–3.

ಪ್ರಶ್ನೆ: ಈ ಇಬ್ಬರನ್ನೂ ಒಟ್ಟಿಗೆ ಗೇಲಿ ಮಾಡಿದವರುಂಟೇ?

ಉತ್ತರ: ಉಂಟು, ಎಂಐಟಿ ಎಂಬ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯದವರು. 1982ರ ಪಂದ್ಯದ ನಡುವೆ ಮೈದಾನದ ನೆಲದಿಂದ ಕಪ್ಪು ಬಲೂನೊಂದು ಎದ್ದಿತು. ಮೈತುಂಬ ‘ಎಂಐಟಿ’. ಉಬ್ಬಿ ಉಬ್ಬಿ ಢಮಾರ್! ಮೊದಲೇ ಹೂತಿಟ್ಟ ಯಂತ್ರದಲ್ಲಿ ಬಲೂನಿಗೆ ಗಾಳಿ ಊದಿದ್ದು ವ್ಯಾಕ್ಯೂಮ್ ಕ್ಲೀನರ್ ಮೋಟಾರು.