ತಂಡದಲ್ಲಿ ಹೆಸರು ಬದಲಾವಣೆ, ಪಿಟ್‌ನಲ್ಲಿ ನೆಂಟರಿಷ್ಟರು

ಪ್ರಶ್ನೆ: ಕಲಬುರಗಿಯ ನಾವು ಆರು ಮಂದಿ ಗೆಳೆಯರು, ಹೈದರಾಬಾದಿನಿಂದ ಹೊರಡುವ ಟಿಎಸ್‌ಡಿ (ಸಮಯ-ವೇಗ-ದೂರ) ರ‍್ಯಾಲಿಯೊಂದಕ್ಕೆ ಮೂರು ಕಾರುಗಳ ತಂಡವಾಗಿ ಹೆಸರು ಕೊಟ್ಟಿದ್ದೇವೆ. ಚಾಲಕರ ಪಕ್ಕ ಕುಳಿತು ದಾರಿ ಹೇಳುವ ನಮ್ಮ ನ್ಯಾವಿಗೇಟರ್ ಒಬ್ಬರಿಗೆ ಅದೇ ದಿನ ತಂಗಿಯ ಮದುವೆ ಗೊತ್ತಾಗಿದೆ. ಹಿಂದೆ ಇಂಥ ರ‍್ಯಾಲಿಗಳಲ್ಲಿ ಬಹುಮಾನ ಗೆದ್ದಿರುವ ಗೆಳೆಯರೊಬ್ಬರು ಅವರ ಬದಲಿಗೆ ಬರಲು ಒಪ್ಪಿದ್ದಾರೆ. ಸಂಘಟಕರಲ್ಲೊಬ್ಬರು ಫೋನಿನಲ್ಲಿ ‘ಬರಲಿ, ನೋಡೋಣ’ ಎಂದರು. ಇಷ್ಟು ಸಾಕೇ?

ಉತ್ತರ: ಸಾಲದು. ಫೋನಿನಲ್ಲಿ ಆಡಿದ ಮಾತನ್ನು ಸ್ಪರ್ಧೆಯ ದಿನ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದು ನಡೆಯುವುದು ಆ ಸ್ಪರ್ಧೆಗೆಂದೇ ಹೊರಡಿಸಿದ ಪೂರಕ ನಿಯಮಾವಳಿ ಮತ್ತು ಅದನ್ನು ತಿದ್ದುತ್ತ ಬರುವ, ಸಂಖ್ಯೆ ಹಾಗೂ ದಿನಾಂಕವುಳ್ಳ ಬುಲೆಟಿನ್‌ಗಳು ಮಾತ್ರ.

ಹೆಸರು ಬದಲಿಸುವ ಅಧಿಕಾರ ಯಾರದೆಂಬುದು ನೀವು ಯಾವಾಗ ಕೇಳುತ್ತೀರಿ ಎಂಬುದನ್ನು ಅವಲಂಬಿಸಿದೆ. ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಪ್ರಾದೇಶಿಕ ರ‍್ಯಾಲಿ ನಿಯಮಗಳ ಪ್ರಕಾರ, ದಾಖಲೆ ಪರಿಶೀಲನೆ ಆರಂಭವಾಗುವ ಮುನ್ನ ಕಾರಿನ ಇಬ್ಬರಲ್ಲಿ ಒಬ್ಬರನ್ನು ಬದಲಿಸಲು ಸಂಘಟಕರ ಒಪ್ಪಿಗೆ ಸಾಕು; ಪರಿಶೀಲನೆ ಆರಂಭವಾದ ಮೇಲೆ, ಹೊರಡಲು ಅರ್ಹವಾದ ಕಾರುಗಳ ಪಟ್ಟಿ ಪ್ರಕಟವಾಗುವ ತನಕ, ಸ್ಪರ್ಧೆಯ ತೀರ್ಪು ಕೊಡುವ ಅಧಿಕಾರಿಗಳಾದ ಸ್ಟೀವರ್ಡ್‌ಗಳ ಒಪ್ಪಿಗೆ ಬೇಕು; ಇಬ್ಬರನ್ನೂ ಬದಲಿಸುವ ಅನುಮತಿಯನ್ನು ಎಫ್‌ಐಎ ಮಾತ್ರ ಕೊಡಬಲ್ಲದು. ಹವ್ಯಾಸಿ ರ‍್ಯಾಲಿಯ ನಿಯಮಾವಳಿ ಇದಕ್ಕಿಂತ ಸಡಿಲವಾಗಿರಬಹುದು, ಬಿಗಿಯಾಗಿಯೂ ಇರಬಹುದು; ಆದ್ದರಿಂದ ನಿಮ್ಮ ಪ್ರತಿಯಲ್ಲಿ ಆ ಭಾಗವನ್ನು ಹುಡುಕಿ ಓದಿ. ಮದುವೆಯ ದಿನಾಂಕ ಈಗಲೇ ಗೊತ್ತಿರುವುದರಿಂದ ಕೊನೆಯ ಗಳಿಗೆಯವರೆಗೆ ಕಾಯುವುದಕ್ಕೆ ಕಾರಣವೇ ಇಲ್ಲ. ಇಂದೇ ಕಾರಿನ ಪ್ರವೇಶ ಸಂಖ್ಯೆ, ಹೋಗುವವರ ಮತ್ತು ಬರುವವರ ಹೆಸರು ನಮೂದಿಸಿ ಲಿಖಿತ ಮನವಿ ಕಳುಹಿಸಿ, ಲಿಖಿತ ಉತ್ತರವನ್ನೇ ಕೇಳಿ ಪಡೆಯಿರಿ.

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ನೀವು ಆರಿಸಿರುವ ವ್ಯಕ್ತಿ. ಟಿಎಸ್‌ಡಿಯಲ್ಲಿ ವೇಗವಾಗಿ ಓಡಿಸಿದವರು ಗೆಲ್ಲುವುದಿಲ್ಲ. ಕೊಟ್ಟ ಸರಾಸರಿ ವೇಗವನ್ನು ಕಾಯ್ದುಕೊಂಡು, ಎಲ್ಲಿದೆಯೆಂದು ಮೊದಲೇ ತಿಳಿಯದ ಸಮಯ ತಪಾಸಣಾ ಕೇಂದ್ರಗಳನ್ನು ಸರಿಯಾದ ಹೊತ್ತಿಗೆ ದಾಟಿದವರು ಗೆಲ್ಲುತ್ತಾರೆ. ಬೇಗ ಬಂದರೂ ದಂಡ, ತಡವಾದರೂ ದಂಡ. ಹಾಗಾಗಿ ಫಲಿತಾಂಶದ ಬಹುಪಾಲು ದಾರಿಯ ವಿವರವಿರುವ ರೋಡ್ ಬುಕ್ ಹಿಡಿದು ಲೆಕ್ಕ ಹಾಕುವ ನ್ಯಾವಿಗೇಟರ್‌ನ ಕೈಯಲ್ಲಿರುತ್ತದೆ, ಮತ್ತು ಇದೇ ಕಾರಣಕ್ಕೆ ಹೊಸಬರು, ಅನುಭವಿಗಳು, ದಂಪತಿಗಳು ಎಂದು ವಿಭಾಗ ಮಾಡುವ ಸಂಘಟಕರು ನ್ಯಾವಿಗೇಟರ್‌ನ ಹಿಂದಿನ ಸಾಧನೆಯನ್ನೂ ನೋಡುವುದುಂಟು. ನೀವು ಹೊಸಬರ ವಿಭಾಗದಲ್ಲಿ ಹೆಸರು ಕೊಟ್ಟಿದ್ದರೆ, ಬಹುಮಾನ ಗೆದ್ದವರು ಬಂದು ಕುಳಿತೊಡನೆ ಆ ಕಾರು ಅನುಭವಿಗಳ ವಿಭಾಗಕ್ಕೆ ಹೋಗಬಹುದು. ಅದರಿಂದ ತಂಡದ ಬಹುಮಾನದ ಅರ್ಹತೆಗೂ ಧಕ್ಕೆ ಬರುತ್ತದೆಯೇ ಎಂಬುದನ್ನು ಅದೇ ಮನವಿಯಲ್ಲಿ ಕೇಳಿಬಿಡಿ. ಅವರ ಸಾಧನೆಯನ್ನು ಹೇಳದೆ ಮುಚ್ಚಿಟ್ಟು ಗೆದ್ದು, ಆಮೇಲೆ ಎದುರಾಳಿ ತಂಡ ಆಕ್ಷೇಪ ಸಲ್ಲಿಸಿದರೆ, ಕಾಪಾಡಲು ಯಾರೂ ಬರುವುದಿಲ್ಲ.

ಉಳಿದದ್ದು ಕಾಗದಪತ್ರದ ಕೆಲಸ. ಬದಲಿಗೆ ಬರುವವರ ಗುರುತಿನ ಚೀಟಿ, ಚಾಲನಾ ಪರವಾನಗಿ, ಸ್ಪರ್ಧೆ ಕೇಳಿದ್ದರೆ ಭಾರತೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಸ್ಪರ್ಧಾ ಲೈಸೆನ್ಸ್, ಮತ್ತು ಅಪಾಯದ ಹೊಣೆ ತಮ್ಮದೇ ಎಂದು ಅವರೇ ಸಹಿ ಮಾಡಿದ ಹೊಣೆ ಮುಚ್ಚಳಿಕೆ ಬೇಕು. ಬಿಟ್ಟುಹೋದವರ ರಕ್ತದ ಗುಂಪು, ತುರ್ತು ಕರೆಯ ಸಂಖ್ಯೆ ಫಾರ್ಮಿನಲ್ಲಿ ಹಾಗೆಯೇ ಉಳಿದುಬಿಡುವುದು ನಾನು ಪದೇ ಪದೇ ಕಂಡಿರುವ ಲೋಪ. ಅಪಘಾತದ ಹೊತ್ತಿನಲ್ಲಿ ವೈದ್ಯರು ನೋಡುವುದು ಆ ಹಾಳೆಯನ್ನೇ. ಬರುವ ಗೆಳೆಯರು ತಮ್ಮ ಕಾರನ್ನೇ ತರುತ್ತೇನೆ ಎಂದರೆ ಮಾತ್ರ ಎರಡು ಸಲ ಯೋಚಿಸಿ. ನಮ್ಮಲ್ಲಿ ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿಯು ಸಂಘಟಿತ ಓಟ, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ವಾಹನದ ಬಾಳಿಕೆ ಪರೀಕ್ಷೆ)ಗಳ ಬಳಕೆಯನ್ನು ಹೊರಗಿಡುತ್ತದೆ. ಮೊದಲ ಕಾರಿಗೆ ವಿಮಾ ಕಂಪನಿಯಿಂದ ಹೆಚ್ಚುವರಿ ಅನುಮೋದನೆ ಪಡೆದಿದ್ದರೆ ಅದು ಎರಡನೆಯ ಕಾರಿಗೆ ತಾನಾಗಿ ಬರುವುದಿಲ್ಲ.

ಪ್ರಶ್ನೆ: ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ನನ್ನ ತಮ್ಮ ಹವ್ಯಾಸಿ ಓಟವೊಂದರಲ್ಲಿ ಭಾಗವಹಿಸುತ್ತಿದ್ದಾನೆ. ಬೀದರಿನಿಂದ ಅಪ್ಪ, ಸೋದರಮಾವ, ಮಕ್ಕಳು ಸೇರಿ ಎಂಟು ಮಂದಿ ಹೊರಟಿದ್ದೇವೆ. ತಂಡಕ್ಕೆ ಸಿಕ್ಕಿರುವುದು ನಾಲ್ಕು ಪಾಸ್. ಸರದಿಯ ಮೇಲೆ ಒಳಗೆ ಹೋಗಿಬರಬಹುದೇ?

ಉತ್ತರ: ಪಾಸನ್ನು ಕೈಯಿಂದ ಕೈಗೆ ದಾಟಿಸಬೇಡಿ. ಪಾಸ್ ಅಥವಾ ಕೈಪಟ್ಟಿ ಇರುವುದು ಒಳಗೆ ಯಾರಿದ್ದಾರೆ, ಅವರು ಹೊಣೆ ಪತ್ರಕ್ಕೆ ಸಹಿ ಮಾಡಿದ್ದಾರೆಯೇ ಎಂಬುದು ಸಂಘಟಕರಿಗೆ ತಿಳಿದಿರಲೆಂದು. ಇನ್ನೊಬ್ಬರ ಪಾಸ್ ಹಾಕಿಕೊಂಡು ಬಂದ ಮಾವನವರು ಸಿಕ್ಕಿಬಿದ್ದರೆ ಅವರನ್ನು ಹೊರಗೆ ಕಳುಹಿಸುವುದರಲ್ಲಿಯೇ ವಿಷಯ ಮುಗಿಯದೆ ಹೋಗಬಹುದು. ಎಫ್‌ಐಎಯ ಅಂತರರಾಷ್ಟ್ರೀಯ ಕ್ರೀಡಾ ಸಂಹಿತೆಯಂತೆ ಚಾಲಕ, ಮೆಕ್ಯಾನಿಕ್ ಮೊದಲಾಗಿ ತನ್ನ ಪರವಾಗಿ ಬಂದವರೆಲ್ಲರ ನಡೆಗೂ ಸ್ಪರ್ಧಿಯೇ ಹೊಣೆ. ನೆಂಟರ ತಪ್ಪಿಗೆ ನಿಮ್ಮ ತಮ್ಮನ ತಂಡ ಉತ್ತರ ಹೇಳಬೇಕಾದೀತು.

ಹೆಚ್ಚುವರಿ ಪಾಸ್ ದುಡ್ಡಿಗೆ ಸಿಗುವುದೇ ಎಂದು ತಂಡದಿಂದಲೇ, ಈಗಲೇ ಕೇಳಿಸಿ. ಸಿಗದಿದ್ದರೆ ಉಳಿದವರಿಗೆ ಪ್ರೇಕ್ಷಕರ ಗ್ಯಾಲರಿ ಇದೆ, ಮತ್ತು ನಿಜ ಹೇಳಬೇಕೆಂದರೆ ಓಟ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಒಳಗೆ ಹೋಗುವ ನಾಲ್ವರೂ ಒಂದನ್ನು ತಿಳಿದಿರಬೇಕು: ಕಾರು ನಿಲ್ಲಿಸಿ ಸಿದ್ಧಪಡಿಸುವ ಪ್ಯಾಡಕ್ ಬೇರೆ, ಕಾರುಗಳು ಓಡುತ್ತಲೇ ಬಂದು ಹೋಗುವ ಪಿಟ್ ಲೇನ್ ಬೇರೆ. ಅತಿಥಿ ಪಾಸ್ ಬಹುತೇಕ ಪ್ಯಾಡಕ್‌ಗೆ ಸೀಮಿತ. ಪಿಟ್ ಲೇನ್‌ಗೆ ಮಕ್ಕಳನ್ನು ಬಿಡುವುದಿಲ್ಲ, ಚಪ್ಪಲಿಯಲ್ಲಿ ಬಂದವರನ್ನೂ ಬಿಡದಿರಬಹುದು. ಪೆಟ್ರೋಲ್ ಇಟ್ಟಿರುವ ಕಡೆ ಬೀಡಿ, ಸಿಗರೇಟು ಸೇದಬಾರದೆಂದು ಹಿರಿಯರಿಗೆ ಮನೆಯಲ್ಲಿಯೇ ಹೇಳಿ ಕರೆತನ್ನಿ. ಅಲ್ಲಿ ಅಪರಿಚಿತ ಹುಡುಗರು ತಡೆದರೆ ಅವರಿಗೆ ನೋವಾಗುತ್ತದೆ. ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ ಪ್ಯಾಡಕ್‌ನಲ್ಲಿಯೇ ಬಿಚ್ಚಿ. ಚಾಲಕರಿಗೆ ಮಾತ್ರ ಹೆಲ್ಮೆಟ್ ತೆಗೆದ ಮೇಲೆಯೇ ಊಟ ಬಡಿಸಿ, ಅದಕ್ಕೂ ಮುಂಚೆ ಮಾತಿಗೆ ಎಳೆಯಬೇಡಿ.

ಪ್ರಶ್ನೆ: ಯಾದಗಿರಿಯಿಂದ ಬರೆಯುತ್ತಿದ್ದೇನೆ. ಟಿಎಸ್‌ಡಿ ರ‍್ಯಾಲಿಯಲ್ಲಿ ನನ್ನ 14 ವರ್ಷದ ತಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಳ್ಳಬಹುದೇ? ಇಲ್ಲವಾದರೆ ಅಣ್ಣನ ಕಾರಿನಲ್ಲಿ ಹಿಂದೆಯೇ ಬರಲಿ ಎಂದುಕೊಂಡಿದ್ದೇನೆ.

ಉತ್ತರ: ಪ್ರವೇಶ ಪತ್ರದಲ್ಲಿ ಇಬ್ಬರ ಹೆಸರಿದ್ದರೆ ಕಾರಿನಲ್ಲಿ ಇಬ್ಬರೇ ಇರಬೇಕು, ಮೂರನೆಯವರನ್ನು ಹತ್ತಿಸಿಕೊಂಡರೆ ಸ್ಪರ್ಧೆಯಿಂದ ಹೊರಬೀಳುವ ಸಂಭವವಿದೆ. ಕುಟುಂಬ ವಿಭಾಗವಿದ್ದು ಅದರಲ್ಲಿ ಕಿರಿಯರಿಗೆ ಅವಕಾಶವಿದ್ದರೆ ಮಾತ್ರ, ಪೋಷಕರ ಸಹಿಯೊಂದಿಗೆ ಹೆಸರು ಸೇರಿಸಿ. ಅಣ್ಣನ ಕಾರು ನಿಮ್ಮ ಬೆನ್ನಿಗೆ ಬರುವುದೂ ಬೇಡ. ಮುಂದೆ ತಪಾಸಣಾ ಕೇಂದ್ರ ಇದೆಯೆಂದು ಅವರು ಒಂದು ಕರೆ ಮಾಡಿದರೂ, ಮಾಡದಿದ್ದರೂ ಹಾಗೆಂದು ಯಾರಾದರೂ ದೂರಿದರೂ, ಹೊರಗಿನ ನೆರವು ಪಡೆದ ಆರೋಪ ನಿಮ್ಮ ಮೇಲೆ ಬರುತ್ತದೆ. ಅವರಿಬ್ಬರೂ ಬೇರೆ ದಾರಿಯಿಂದ ಹೋಗಿ ಮುಕ್ತಾಯದ ಸ್ಥಳದಲ್ಲಿ ನಿಮಗಾಗಿ ಕಾಯಲಿ.